ಅಷ್ಟು ಮಳೆಯ ಆಗುಂಬೆಯಲ್ಲಿ ಹಾಲೇಕೆ ಕಡಿಮೆ?



ಕುಷ್ಟಗಿ, ಯಲಬುರ್ಗಾ ಕಡೆಯ ಸಂಘಗಳ ಸಭೆಗೆ ಹೋದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: "ಮಳಿ ಒಂದು ಸರಿಯಾಗಿ ಆತಂದ್ರ ಹಾಲಿಗೇನು ಕೊರತಿ ಇಲ್ರಿ ಡಾಕ್ಟರ್ ಸಾಹೇಬ್ರ." ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವುದೇ 600 ಮಿ.ಮೀ. ಆಸುಪಾಸು, ಅದೂ ಹೇಳಿದ ಸಮಯಕ್ಕೆ ಬರುವುದಿಲ್ಲ. ಹಾಗಾಗಿ ಆ ಮಾತು ಸಹಜವೇ. ಆದರೆ ಮಳೆ ಹೆಚ್ಚಾದಷ್ಟೂ ಹಾಲು ಹೆಚ್ಚುವುದಾದರೆ ಆಗುಂಬೆಯಲ್ಲಿ ಹಾಲಿನ ಹೊಳೆಯೇ ಹರಿಯಬೇಕಿತ್ತು. ಹರಿಯುತ್ತಿಲ್ಲ. ಅದೇಕೆ ಎಂದು ತಿಳಿದರೆ, ಶ್ರಾವಣದಲ್ಲಿ ನಮ್ಮ ಡೇರಿಗಳಲ್ಲಿ ಫ್ಯಾಟ್ ಏಕೆ ಇಳಿಯುತ್ತದೆ ಎಂಬುದಕ್ಕೂ ಅರ್ಧ ಉತ್ತರ ಸಿಕ್ಕಂತೆ.

ಆಗುಂಬೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. ಪಶ್ಚಿಮ ಘಟ್ಟದ ಅಂಚಿನಲ್ಲಿ, ಸಮುದ್ರಮಟ್ಟದಿಂದ 640 ಮೀಟರಿಗಿಂತ ತುಸು ಎತ್ತರದಲ್ಲಿದೆ. ಅಲ್ಲಿಂದ ಮುಂದೆ ರಸ್ತೆ 14 ಕಡಿದಾದ ತಿರುವುಗಳಲ್ಲಿ ಇಳಿದು ಉಡುಪಿ ಕಡೆಗೆ ಹೋಗುತ್ತದೆ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿ ನೋಡಿದವರಿಗೆ ಆ ಊರಿನ ಬೀದಿ, ಹೆಂಚಿನ ಮನೆಗಳು ನೆನಪಿರಬಹುದು. ಅಲ್ಲಿಯ ದೊಡ್ಡಮನೆಯಲ್ಲೂ ಅದರ ಚಿತ್ರೀಕರಣ ನಡೆದಿತ್ತು. ಹಾವು ತಜ್ಞ ರೋಮ್ಯುಲಸ್ ವಿಟೇಕರ್ ಅವರು 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದರು. ಕಾಳಿಂಗ ಸರ್ಪದ ಬದುಕಿನ ಬಗ್ಗೆ ಅಲ್ಲಿ ಅಧ್ಯಯನ ನಡೆಯುತ್ತದೆ.

ಆ ಊರಿಗೆ ಹೆಸರು ಬಂದದ್ದು ಮಳೆಯಿಂದ. ವರ್ಷದ ಸರಾಸರಿ 7,000 ಮಿ.ಮೀ.ಗೂ ಮೇಲೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಬಿದ್ದ ದಾಖಲೆಯಿದೆ. ಕೊಪ್ಪಳದಲ್ಲಿ ಏಳು ವರ್ಷ ಸುರಿಯುವಷ್ಟು ನೀರು ಅಲ್ಲಿ ಮೂವತ್ತೊಂದು ದಿನದಲ್ಲಿ ಸುರಿಯಿತು. ಈಚೆಗೆ ಕೆಲವು ವರ್ಷ ಹುಲಿಕಲ್‌ನಂಥ ನೆರೆಯ ಊರುಗಳು ಆಗುಂಬೆಯನ್ನು ಮೀರಿಸಿದ್ದೂ ಉಂಟು. ಏನೇ ಇರಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಿಸಿಲು ಕಂಡರೆ ಅದೇ ಸುದ್ದಿ.

ಇಷ್ಟು ಮಳೆ ಬಿದ್ದಲ್ಲಿ ಹುಲ್ಲು ಆಳೆತ್ತರ ಬೆಳೆದಿರಬೇಕು ಎಂದು ನಾವು ಎಣಿಸುತ್ತೇವೆ. ಅಲ್ಲಿ ಬೆಳೆಯುವುದು ಕಾಡು. ಧೂಪ, ಹೆಬ್ಬಲಸು, ಸುರಹೊನ್ನೆಯಂಥ ಮರಗಳು ವರ್ಷವಿಡೀ ಎಲೆ ಉದುರಿಸದೆ ಮೇಲೆ ಚಪ್ಪರ ಹಾಕಿದಂತೆ ನಿಂತಿರುತ್ತವೆ. ಕೆಳಗೆ ಬಿಸಿಲು ಇಳಿಯುವುದಿಲ್ಲ, ಬಿಸಿಲಿಲ್ಲದ ಕಡೆ ಹುಲ್ಲು ಏಳುವುದಿಲ್ಲ. ದನ ಕಾಡಿಗೆ ಹೋದರೂ ಅದಕ್ಕೆ ಸಿಗುವುದು ಸೊಪ್ಪು, ಚಿಗುರು, ಬಳ್ಳಿ. ಹುಲ್ಲು ಬೇಕೆಂದರೆ ಗದ್ದೆ ಬದು, ತೋಟದ ಅಂಚು, ಮರವಿಲ್ಲದ ಗುಡ್ಡದ ಇಳಿಜಾರು ಹುಡುಕಬೇಕು. ಮಣ್ಣೂ ಬಡವಾದದ್ದು. ಸಾವಿರಾರು ವರ್ಷ ಮಳೆ ತೊಳೆದ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಸುಣ್ಣದ ಅಂಶ ಕೊಚ್ಚಿಹೋಗಿದೆ. ರಂಜಕ ಇದ್ದರೂ ಮಣ್ಣಿನ ಕಬ್ಬಿಣದೊಡನೆ ಬೆರೆತು ಗಿಡಕ್ಕೆ ಸಿಗುವುದಿಲ್ಲ. ಅಂಥ ನೆಲದ ಮೇವು ತಿಂದ ದನಕ್ಕೂ ಅದೇ ಕೊರತೆ. ದನ ಮೂಳೆ, ಬಟ್ಟೆ ಕಚ್ಚುತ್ತಾ ನಿಂತಿದ್ದರೆ ಹಟ ಎನ್ನಬೇಡಿ, ಅದು ಹೆಚ್ಚಾಗಿ ರಂಜಕದ ಹಸಿವು.

ಇನ್ನು ಮಳೆಗಾಲದ ಹಸಿ ಹುಲ್ಲಿನ ಲೆಕ್ಕ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಎಳೆಯ ಹುಲ್ಲಿನಲ್ಲಿ ನೂರಕ್ಕೆ 80ರಿಂದ 85 ಭಾಗ ನೀರು. ಅಂದರೆ 20 ಕೆ.ಜಿ. ಹುಲ್ಲು ಹಾಕಿದರೆ ಆಕಳ ಹೊಟ್ಟೆಗೆ ಸೇರುವ ಒಣ ಅಂಶ ಮೂರು-ನಾಲ್ಕು ಕೆ.ಜಿ. ಮಾತ್ರ. ದಿನಕ್ಕೆ 10 ಲೀಟರ್ ಕೊಡುವ, 400 ಕೆ.ಜಿ. ತೂಕದ ಎಚ್‌ಎಫ್ ಮಿಶ್ರತಳಿ ಆಕಳಿಗೆ ಬೇಕಾದದ್ದು ಸುಮಾರು 12 ಕೆ.ಜಿ. ಒಣ ಅಂಶ. ಬರೀ ಎಳೆ ಹುಲ್ಲಿನಿಂದ ಅಷ್ಟು ತುಂಬಿಸಲು 60ರಿಂದ 80 ಕೆ.ಜಿ. ತಿನ್ನಬೇಕು. ಅದರ ಹೊಟ್ಟೆಯಲ್ಲಿ ಅಷ್ಟು ಜಾಗವೂ ಇಲ್ಲ, ದಿನದಲ್ಲಿ ಅಷ್ಟು ಹೊತ್ತೂ ಇಲ್ಲ. ಹೊಟ್ಟೆ ಉಬ್ಬಿ ಕಾಣುತ್ತದೆ, ಒಳಗಿರುವುದು ನೀರು.

ಮಲೆನಾಡು ಈ ಲೆಕ್ಕವನ್ನು ತನ್ನದೇ ರೀತಿ ಬಿಡಿಸಿಕೊಂಡಿದೆ. ಅಲ್ಲಿಯ ಮೂಲ ತಳಿ ಮಲೆನಾಡು ಗಿಡ್ಡ, ಮೂರಡಿ ಎತ್ತರ, ನೂರು ಕೆ.ಜಿ. ಆಸುಪಾಸು ತೂಕ. ಅದಕ್ಕೆ ಮೂರು ಕೆ.ಜಿ. ಒಣ ಅಂಶ ಸಾಕು, ಅಂದರೆ 15-20 ಕೆ.ಜಿ. ಹುಲ್ಲು ಸೊಪ್ಪು. ಕಾಡಿನಲ್ಲಿ ಸುತ್ತಾಡಿ ಸಂಜೆಯೊಳಗೆ ಅಷ್ಟನ್ನು ಅದು ತಾನೇ ಹುಡುಕಿಕೊಳ್ಳುತ್ತದೆ. ಗೊರಸು ಗಟ್ಟಿ, ಜಾರುವ ಗುಡ್ಡದಲ್ಲೂ ಸಲೀಸಾಗಿ ಹತ್ತುತ್ತದೆ. ಹಾಲು ದಿನಕ್ಕೆ ಒಂದೆರಡು ಲೀಟರ್, ಚೆನ್ನಾಗಿ ಕೊಡುವುದು ಮೂರು-ನಾಲ್ಕು. ನಮ್ಮ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಅಲ್ಲಿಯವರು ಗಿಡ್ಡ ಸಾಕುವುದು ಹಾಲಿಗಿಂತ ಹೆಚ್ಚಾಗಿ ಗೊಬ್ಬರಕ್ಕೆ. ಸೊಪ್ಪಿನಬೆಟ್ಟದಿಂದ ಹಸಿ ಸೊಪ್ಪು, ಬೇಸಿಗೆಯಲ್ಲಿ ತರಗೆಲೆ ತಂದು ಕೊಟ್ಟಿಗೆಯಲ್ಲಿ ದಿನವೂ ಹಾಸುತ್ತಾರೆ. ಸಗಣಿ ಗಂಜಲ ಕುಡಿದ ಆ ಹಾಸು ಗೊಬ್ಬರವಾಗಿ ಅಡಕೆ ತೋಟಕ್ಕೆ ಹೋಗುತ್ತದೆ. ಶಿವಮೊಗ್ಗದಲ್ಲಿ ಓದುವಾಗ ನಾನು ಕಂಡ ಕೊಟ್ಟಿಗೆಗಳಲ್ಲಿ ಮೊದಲು ಮೂಗಿಗೆ ಬಡಿಯುತ್ತಿದ್ದುದು ಕೊಳೆಯುವ ಸೊಪ್ಪಿನ ವಾಸನೆ. ಕಲ್ಲು ಹಾಸಿದ ನಮ್ಮ ಕಡೆಯ ಕೊಟ್ಟಿಗೆ ನೋಡಿ ಬೆಳೆದವರಿಗೆ ಅದು ವಿಚಿತ್ರವೇ.

ಅಲ್ಲಿಗೆ ದೊಡ್ಡ ಮಿಶ್ರತಳಿ ಆಕಳು ಹೋಗಿಲ್ಲವೆಂದಲ್ಲ, ಹೋಗಿವೆ. ಶಿವಮೊಗ್ಗ ಒಕ್ಕೂಟಕ್ಕೆ ಹಾಲೂ ಹಾಕುತ್ತವೆ. ಆದರೆ ಅವನ್ನು ಕಾಡಿಗೆ ಬಿಡುವಂತಿಲ್ಲ, ಒಣಮೇವು ಹಿಂಡಿ ಕೊಂಡು ಕಟ್ಟಿ ಸಾಕಬೇಕು. ನಾಲ್ಕು ತಿಂಗಳು ತೇವದಲ್ಲಿ ನಿಂತ ಗೊರಸು ಕೊಳೆಯುತ್ತದೆ. ನಿಂತ ನೀರಿನ ಬಸವನಹುಳುವಿನಿಂದ ಪಿತ್ತಕೋಶದ ಹುಳು ಬರುತ್ತದೆ. ಇಂಬಳ, ಉಣ್ಣೆ ಬೇರೆ. ಮಲೆನಾಡಿನಲ್ಲಿ ಉಣ್ಣೆ ಎಂದರೆ ಬರೀ ದನದ ತೊಂದರೆ ಅಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ. ಮಂಗಗಳು ಸಾಯುತ್ತವೆ, ಮನುಷ್ಯರೂ ಸಾಯುತ್ತಾರೆ. ದನಕ್ಕೆ ಆ ರೋಗ ಬಾಧಿಸುವುದಿಲ್ಲ, ಆದರೆ ಉಣ್ಣೆಗೆ ರಕ್ತ ಕೊಟ್ಟು ಅದರ ಸಂತತಿ ಬೆಳೆಸುವುದೂ ಮನೆಯ ಅಂಗಳದವರೆಗೆ ಹೊತ್ತು ತರುವುದೂ ಮೇಯಲು ಹೋದ ದನವೇ. ಕಾಡಿನಂಚಿನ ಊರುಗಳಲ್ಲಿ ದನದ ಮೈಗೆ ಉಣ್ಣೆ ನಿವಾರಕ ಹಚ್ಚುವುದು ಮನೆಯವರ ಜೀವ ಉಳಿಸುವ ಕೆಲಸವೂ ಹೌದು.

ಈಗ ನಮ್ಮ ಊರಿಗೆ ಬರೋಣ. ಜುಲೈ-ಆಗಸ್ಟ್‌ನಲ್ಲಿ ನಾಲ್ಕು ಹದ ಮಳೆಯಾಗಿ ಬದುವಿನಲ್ಲಿ ಹಸಿರು ಕಂಡ ಕೂಡಲೇ ನಮ್ಮಲ್ಲಿ ಹಲವರು ಕಣಕಿ ಹಾಕುವುದನ್ನೇ ನಿಲ್ಲಿಸುತ್ತಾರೆ. ಬಣಿವೆ ಉಳಿಯಿತು ಎಂಬ ಸಮಾಧಾನ ಒಂದು ಕಡೆ. ಹತ್ತು ದಿನಕ್ಕೆ ಫ್ಯಾಟ್ 3.5ರಿಂದ ಕೆಳಗಿಳಿಯುತ್ತದೆ, ಸಂಘದ ಕಾರ್ಯದರ್ಶಿಯ ಜೊತೆ ಜಗಳ ಶುರುವಾಗುತ್ತದೆ. ಯಂತ್ರ ಕೆಟ್ಟಿರಲೂಬಹುದು, ಪರೀಕ್ಷೆ ಮಾಡಿಸಿ. ಆದರೆ ಮೊದಲು ಗೋದಲಿ ನೋಡಿ. ಹಾಲಿನ ಕೊಬ್ಬು ಹುಟ್ಟುವುದು ನಾರಿನಿಂದ. ಆಕಳು ಗಟ್ಟಿ ಮೇವನ್ನು ಮೆಲುಕು ಹಾಕಿದಷ್ಟೂ ಜೊಲ್ಲು ಸುರಿದು ಹೊಟ್ಟೆಯ ಹುಳಿ ತಗ್ಗುತ್ತದೆ, ನಾರನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಕೊಬ್ಬು ಕಟ್ಟುವ ಅಂಶ ಕೆಚ್ಚಲಿಗೆ ಹೋಗುತ್ತದೆ. ಎಳೆ ಹುಲ್ಲಿನಲ್ಲಿ ಮೆಲುಕು ಹಾಕಲು ಏನಿದೆ? ಮಧ್ಯಾಹ್ನ ಮಲಗಿದ ಆಕಳುಗಳನ್ನು ಎಣಿಸಿ. ಹತ್ತರಲ್ಲಿ ಐದಾರಾದರೂ ಬಾಯಿ ಆಡಿಸುತ್ತಿರಬೇಕು.

10 ಲೀಟರ್ ಆಕಳಿಗೆ ಮಳೆಗಾಲದಲ್ಲೂ 5 ಕೆ.ಜಿ. ಒಣಮೇವು ತಪ್ಪಿಸಬೇಡಿ. ಜೊತೆಗೆ 20 ಕೆ.ಜಿ. ಹಸಿಮೇವು, 5 ಕೆ.ಜಿ.ಯಷ್ಟು ಪಶು ಆಹಾರ, 50 ಗ್ರಾಂ ಖನಿಜ ಮಿಶ್ರಣ. ಬೆಳಿಗ್ಗೆ ಮೊದಲು ಕಣಕಿ ಅಥವಾ ಹುಲ್ಲು, ಆಮೇಲೆ ಹಸಿರು. ಜೋಳದ ಕಣಕಿಯನ್ನು ಕತ್ತರಿಸಿ ಹಾಕಿದರೆ ದಂಟು ಪೋಲಾಗುವುದಿಲ್ಲ.

ಗಂಗಾವತಿ, ಕಾರಟಗಿ ಭಾಗದ ಬಾಂಧವರಿಗೆ ಒಂದು ಮಾತು ಬೇರೆಯೇ ಹೇಳಬೇಕು. ಆಗುಂಬೆಯ ಪಡುವಣ ಬದಿಗೆ ಬಿದ್ದ ಮಳೆ ಸೀತಾನದಿಯಾಗಿ ಸಮುದ್ರ ಸೇರುತ್ತದೆ. ಮೂಡಣ ಬದಿಯದು ಮಾಲತಿ ಹೊಳೆಯಾಗಿ ತುಂಗೆಗೆ ಸೇರಿ, ಕೂಡಲಿಯಲ್ಲಿ ಭದ್ರೆಯ ಜೊತೆಗೂಡಿ, ಮುನಿರಾಬಾದಿನ ಅಣೆಕಟ್ಟಿಗೆ ಬಂದು ನಿಮ್ಮ ಎಡದಂಡೆ ಕಾಲುವೆಯಲ್ಲಿ ಹರಿಯುತ್ತದೆ. ಆ ನೀರು ಅಲ್ಲಿ ಮೇವಾಗಲಿಲ್ಲ, ನಿಮ್ಮ ಗದ್ದೆಯಲ್ಲಿ ಆಯಿತು. ಮಲೆನಾಡಿನ ಎಷ್ಟೋ ಮನೆಗಳವರು ಬಯಲುಸೀಮೆಯ ಭತ್ತದ ಹುಲ್ಲನ್ನು ಲಾರಿ ಬಾಡಿಗೆ ಕೊಟ್ಟು ತರಿಸಿಕೊಳ್ಳುತ್ತಾರೆ. ಇಲ್ಲಿ ಕೊಯ್ಲು ಯಂತ್ರ ಹೋದ ಮರುದಿನ ಅದೇ ಹುಲ್ಲಿಗೆ ಬೆಂಕಿ ಇಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆಚೆ ಕನಕಗಿರಿ, ಕುಷ್ಟಗಿ ಕಡೆ ಬೇಸಿಗೆಯಲ್ಲಿ ಮೇವಿಲ್ಲದೆ ಆಕಳು ಮಾರುವವರಿದ್ದಾರೆ.

ಭತ್ತದ ಹುಲ್ಲಿನಲ್ಲಿ ಸತ್ವ ಕಡಿಮೆ ಎಂಬುದು ನಿಜ. ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನೂ ಹಿಡಿದುಕೊಳ್ಳುತ್ತದೆ, ಹಾಗಾಗಿ ಖನಿಜ ಮಿಶ್ರಣ ಬೇಕೇ ಬೇಕು. ಸತ್ವ ಹೆಚ್ಚಿಸಲು ಯೂರಿಯಾ ಉಪಚಾರ ಮಾಡಿ. 100 ಕೆ.ಜಿ. ಒಣ ಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು ಗಾಳಿ ತೆಗೆದು, ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ 21 ದಿನ ಬಿಡಿ. ಯೂರಿಯಾ ನೀರಿನ ಬಕೆಟ್‌ಗೆ ದನ ಬಾಯಿ ಹಾಕದಂತೆ ಎಚ್ಚರವಿರಲಿ, ಅದು ವಿಷ. ತೆಗೆದ ಹುಲ್ಲನ್ನು ಒಂದು ಗಂಟೆ ಗಾಳಿಗೆ ಹರಡಿ ಘಾಟು ಹೋದ ಮೇಲೆ ಹಾಕಿ, ಮೊದಲ ವಾರ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಿ. ಆರು ತಿಂಗಳೊಳಗಿನ ಕರುಗಳಿಗೆ ಕೊಡಬೇಡಿ. ಎರಡನೇ ಬೆಳೆಯ ಹುಲ್ಲನ್ನು ಮುಂಗಾರು ಬೀಳುವ ಮುಂಚೆಯೇ ಬಣಿವೆ ಒಟ್ಟಿ ಮೇಲೆ ಹೊದಿಕೆ ಹಾಕಿ, ನೆನೆದು ಬೂಷ್ಟು ಹಿಡಿದದ್ದನ್ನು ಹಾಲು ಕೊಡುವ ಆಕಳಿಗೆ ಹಾಕುವಂತಿಲ್ಲ.