ಸೋಲಿಗೆ ಕಾರಣ ಹೇಳದ ಆಟಗಳು

2007ರ ಮಾರ್ಚ್‌ನಲ್ಲಿ ಪವಾಯಿಯ ಐಐಟಿ ಬಾಂಬೆ ಒಂದು ಕಟ್ಟುನಿಟ್ಟಿನ ತೀರ್ಮಾನಕ್ಕೆ ಬಂತು. ರಾತ್ರಿ 11ರಿಂದ ಮರುದಿನ ಮಧ್ಯಾಹ್ನ 12.30ರವರೆಗೆ ಹಾಸ್ಟೆಲ್ ಕೋಣೆಗಳಲ್ಲಿ ಇಂಟರ್ನೆಟ್ ಬಂದ್. ಹುಡುಗರು ರಾತ್ರಿಯೆಲ್ಲ ಕಂಪ್ಯೂಟರಿಗೆ ಅಂಟಿಕೊಂಡಿರುತ್ತಾರೆ, ಬೆಳಗಿನ ಕ್ಲಾಸಿಗೆ ಬರುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಎಂಬುದು ಸಂಸ್ಥೆಯ ಚಿಂತೆಯಾಗಿತ್ತು. ಅದೇ ವರ್ಷ, ಅದೇ ಆವರಣದಲ್ಲಿ, ಏರೋಸ್ಪೇಸ್ ವಿಭಾಗದ ವಿದ್ಯಾರ್ಥಿಗಳು ತಾವೇ ಒಂದು ಉಪಗ್ರಹ ಕಟ್ಟಲು ಹೊರಟರು. ಅದಕ್ಕೆ ‘ಪ್ರಥಮ್’ ಎಂದು ಹೆಸರಿಟ್ಟರು.

ಆ ಉಪಗ್ರಹದ ಮಾತು ಆಮೇಲೆ. ಇಂಟರ್ನೆಟ್ ನಿಲ್ಲಿಸಿದರೂ ನಿಲ್ಲದ ಕಂಪ್ಯೂಟರ್ ಆಟಗಳಿವೆ. ಸರದಿಯಂತೆ ನಡೆ ಇಡುತ್ತ ನಕ್ಷತ್ರಗಳ ನಡುವೆ ಸಾಮ್ರಾಜ್ಯ ಕಟ್ಟುವ ತಂತ್ರದಾಟಗಳು ಆ ಜಾತಿಯವು. ಒಬ್ಬನೇ ಕೂತು, ಇನ್ನೊಂದು ಸರದಿ, ಇನ್ನೊಂದೇ ಸರದಿ ಎನ್ನುತ್ತ ಬೆಳಗು ಮಾಡಬಹುದು. 1993ರ ‘ಮಾಸ್ಟರ್ ಆಫ್ ಒರಾಯನ್’ ಈ ಬಗೆಗೆ ಗಟ್ಟಿ ಬುನಾದಿ ಹಾಕಿತು. ಅದರ ಬಗ್ಗೆ ಬರೆಯುವಾಗಲೇ ವಿಮರ್ಶಕ ಅಲನ್ ಎಮ್ರಿಚ್ ‘4ಎಕ್ಸ್’ ಎಂಬ ಹೆಸರನ್ನು ಚಾಲ್ತಿಗೆ ತಂದರು. ಹೊಸ ಲೋಕ ಹುಡುಕುವುದು, ಅಲ್ಲಿಗೆ ಹಬ್ಬುವುದು, ಅಲ್ಲಿನ ಸಂಪತ್ತು ಬಳಸುವುದು, ಎದುರಾಳಿಯನ್ನು ಅಳಿಸುವುದು: ಇವೇ ಆ ನಾಲ್ಕು ಕೆಲಸ. ಒರಾಯನ್‌ನಲ್ಲಿ ಹೇಳಿಕೊಟ್ಟ ಕಥೆಯಿರಲಿಲ್ಲ. ಪ್ರತಿ ಸಲ ಹೊಸ ನಕ್ಷತ್ರಪುಂಜ, ನಮ್ಮ ಕಥೆಯನ್ನು ನಾವೇ ಬೆಳೆಸಬೇಕು.

ಕಥೆಯ ಸರಣಿ, ಅಂದರೆ ಕ್ಯಾಂಪೇನ್, ಸೇರಿಕೊಂಡ ಆಟಗಳಲ್ಲಿ ಆಟಗಾರರ ಗೋಳು ಶುರುವಾಗುತ್ತದೆ. 2006ರ ‘ಗ್ಯಾಲಕ್ಟಿಕ್ ಸಿವಿಲೈಸೇಷನ್ಸ್ 2’ರ ಕ್ಯಾಂಪೇನಿನಲ್ಲಿ ಡ್ರೆಡ್ ಲಾರ್ಡ್ಸ್ ಎಂಬ ಪ್ರಾಚೀನ ಕುಲ ಮರಳಿ ಬರುತ್ತದೆ. ಅವರ ನೌಕೆಗಳ ಮುಂದೆ ಮಿಕ್ಕವರ ನೌಕೆಗಳು ಆಟಿಕೆಗಳು. ಕಥೆಯಾಗಿ ಇದು ಮೈನವಿರೇಳಿಸುವಂಥದ್ದೇ. ಆದರೆ ಕಥೆಗಾರನಿಗೆ ಬೇಕಾದದ್ದು ಬೇರೆ, ತಂತ್ರಗಾರನಿಗೆ ಬೇಕಾದದ್ದು ಬೇರೆ. ಕಥೆಗೆ ಆಘಾತ ಬೇಕು. ತಂತ್ರಕ್ಕೆ ಮುನ್ಸೂಚನೆ ಬೇಕು. ಈ ಎರಡನ್ನು ಹೊಂದಿಸಲಾಗದ ಕಡೆ ಮಿಷನ್ ಹದಗೆಡುತ್ತದೆ.

ಹದಗೆಡುವ ಬಗೆಗಳು ಈ ಆಟದವರಿಗೆಲ್ಲ ಗೊತ್ತು. ನೂರು ಸರದಿ ತಾಳ್ಮೆಯಿಂದ ಗಡಿ ಭದ್ರಪಡಿಸಿಕೊಂಡ ಮೇಲೆ, ಯಾವ ದಾರಿಯಿಂದಲೂ ಬಾರದೆ, ಕಥೆ ಕರೆಯಿತೆಂಬ ಒಂದೇ ಕಾರಣಕ್ಕೆ ಶತ್ರುಪಡೆ ನಟ್ಟನಡುವೆ ಪ್ರತ್ಯಕ್ಷವಾಗುತ್ತದೆ. ಒಂದು ಮಿಷನ್‌ನಲ್ಲಿ ಸಂಪಾದಿಸಿದ ವಿದ್ಯೆ, ನೌಕೆ, ಖಜಾನೆ ಮುಂದಿನದರಲ್ಲಿ ಇಲ್ಲವಾಗುತ್ತವೆ. ಹಾಗಾದರೆ ಅಷ್ಟೆಲ್ಲ ಕೂಡಿಟ್ಟದ್ದು ಯಾರಿಗಾಗಿ? ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ತಡವಾಗಿ ತಿಳಿಯುವ ಸೋಲು. ಮೂವತ್ತನೇ ಸರದಿಯಲ್ಲಿ ಕೈಬಿಟ್ಟ ಒಂದು ಗ್ರಹದಿಂದ ಇನ್ನೂರನೇ ಸರದಿಯಲ್ಲಿ ಆಟ ಮುಗಿಯುತ್ತದೆ. ಪರದೆಯ ಮೇಲೆ ‘ಮಿಷನ್ ವಿಫಲ’ ಎಂಬ ಎರಡೇ ಪದ. ಎಲ್ಲಿ ತಪ್ಪಿತು ಎಂದು ಆಟ ಬಾಯಿ ಬಿಡುವುದಿಲ್ಲ.

ಆಟ ಕಷ್ಟವಾಗಿರಬಾರದು ಎಂದು ಯಾರೂ ಕೇಳುತ್ತಿಲ್ಲ. ನಮ್ಮ ಹುಲಿ–ಕುರಿ ಆಟವೂ ಸಮಬಲದವರ ಆಟವಲ್ಲ. 3 ಹುಲಿ, ಅವನ್ನು ಕಟ್ಟಿಹಾಕಲು 15 ಕುರಿ. ಹುಲಿ ಹಾರಿ ಹೊಡೆಯುತ್ತದೆ, ಕುರಿಗೆ ಆ ಶಕ್ತಿಯಿಲ್ಲ. ಆದರೂ ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಆ ಮನೆಗಳನ್ನು ಕೆತ್ತಿಟ್ಟು ಜನ ಆಡಿದರು. ಬಚ್ಚಿಟ್ಟದ್ದು ಅಲ್ಲಿ ಏನೂ ಇಲ್ಲ. ಕುರಿ ಸತ್ತರೆ ಯಾವ ನಡೆಯಿಂದ ಸತ್ತಿತೆಂದು ಆಡಿದವರಿಗೂ ಗೊತ್ತು, ಪಕ್ಕದಲ್ಲಿ ನಿಂತು ನೋಡಿದವರಿಗೂ ಗೊತ್ತು.

ಇಂದಿನ ಆಟಗಳಲ್ಲೂ ಈ ನ್ಯಾಯ ಸಾಧ್ಯ. 2018ರ ‘ಇನ್‌ಟು ದ ಬ್ರೀಚ್’ ಶತ್ರು ಮುಂದೆ ಎಲ್ಲಿಗೆ ಹೊಡೆಯುತ್ತಾನೆಂದು ಮೊದಲೇ ತೋರಿಸುತ್ತದೆ. ಆಟ ಅದರಿಂದ ಸಪ್ಪೆಯಾಗಿಲ್ಲ, ಇನ್ನಷ್ಟು ಬಿಗಿಯಾಗಿದೆ. 2016ರ ‘ಎಕ್ಸ್‌ಕಾಮ್ 2’ ಹಲವು ಮಿಷನ್‌ಗಳಿಗೆ ಇಂತಿಷ್ಟೇ ಸರದಿ ಎಂದು ಗಡುವು ಹಾಕಿತು. ಗಡುವು ಕಣ್ಣೆದುರೇ ಇದ್ದರೂ, ಯೋಚಿಸಿ ಆಡುವವರಿಗೆ ಉಸಿರು ಕಟ್ಟಿದಂತಾಗಿ ಆಟಗಾರರೇ ಆಟವನ್ನು ಮಾರ್ಪಡಿಸಿ ಅದನ್ನು ತೆಗೆದುಹಾಕುವ ಮಾಡ್‌ಗಳನ್ನು ಬರೆದರು. ಮರುವರ್ಷದ ವಿಸ್ತರಣೆಯಲ್ಲಿ ಗಡುವನ್ನು ದುಪ್ಪಟ್ಟು ಮಾಡಿಕೊಳ್ಳುವ ಆಯ್ಕೆ ಬಂತು. ಗೊಣಗಾಟಕ್ಕೆ ಕಿವಿಗೊಟ್ಟರೆ ಆಟ ಸುಧಾರಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇನ್ನು ನಿಜವಾದ ಬಾಹ್ಯಾಕಾಶಕ್ಕೆ ಬರೋಣ. ಅಲ್ಲಿನ ಮಿಷನ್‌ಗಳು ಯಾವ ಆಟಕ್ಕಿಂತಲೂ ನಿಧಾನ, ಯಾವ ಆಟಕ್ಕಿಂತಲೂ ನಿರ್ದಯ. ಪವಾಯಿಯ ಪ್ರಥಮ್ ಸುಮಾರು 10 ಕಿಲೋ ತೂಕದ ಪುಟ್ಟ ಉಪಗ್ರಹ. ವಾತಾವರಣದ ಮೇಲ್ಪದರವಾದ ಅಯಾನುಗೋಳದಲ್ಲಿನ ಎಲೆಕ್ಟ್ರಾನ್‌ಗಳನ್ನು ಅಳೆಯುವುದು ಅದರ ಗುರಿ. ಇಸ್ರೋ ಜೊತೆ ಒಪ್ಪಂದವಾದದ್ದು 2009ರಲ್ಲಿ. ಪಿಎಸ್‌ಎಲ್‌ವಿ–ಸಿ35 ಅದನ್ನು ಹೊತ್ತೊಯ್ದದ್ದು 2016ರ ಸೆಪ್ಟೆಂಬರ್ 26ರಂದು. ಬೆಂಗಳೂರಿನ ಪಿಇಎಸ್ ವಿಶ್ವವಿದ್ಯಾಲಯದ ‘ಪೈಸ್ಯಾಟ್’ ಕೂಡ ಅದೇ ರಾಕೆಟ್ಟಿನಲ್ಲಿತ್ತು. ಅಷ್ಟರಲ್ಲಿ ಕೆಲಸ ಆರಂಭಿಸಿದವರು ಓದು ಮುಗಿಸಿ ಹೋಗಿಯಾಗಿತ್ತು. ಒಂದು ತಂಡದ ಕೆಲಸ ಮುಂದಿನ ತಂಡದ ಕೈಸೇರುತ್ತ ಒಂಬತ್ತು ವರ್ಷ ಸಾಗಿತು. ಗಳಿಸಿದ್ದನ್ನೆಲ್ಲ ಪ್ರತಿ ಹಂತದಲ್ಲೂ ಅಳಿಸಿಹಾಕಿದ್ದರೆ ಆ ಉಪಗ್ರಹ ಮೇಲೇರುತ್ತಲೇ ಇರಲಿಲ್ಲ.

ಅಲ್ಲಿ ಸೋಲನ್ನು ಹೇಗೆ ನೋಡುತ್ತಾರೆಂಬುದಕ್ಕೂ ನಮ್ಮಲ್ಲೇ ಉದಾಹರಣೆಗಳಿವೆ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ–3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟದ ದೋಷದವರೆಗೆ ಕಾರಣವನ್ನು ಬೆನ್ನಟ್ಟಿದರು. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ ಏರಿ ರೋಹಿಣಿ ಉಪಗ್ರಹ ಕಕ್ಷೆ ಸೇರಿತು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ–2ರ ಲ್ಯಾಂಡರ್ ಅಪ್ಪಳಿಸಿದಾಗ ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋದ ಇಸ್‌ಟ್ರಾಕ್ ಕೇಂದ್ರದಲ್ಲಿ ಆವರಿಸಿದ ದುಃಖವನ್ನು ದೇಶವೇ ನೋಡಿತು. ಆಮೇಲೆ ವಿಜ್ಞಾನಿಗಳು ಏನೇನು ಕೆಡಬಹುದು ಎಂಬ ಪಟ್ಟಿಯಿಂದಲೇ ಮುಂದಿನ ನೌಕೆಯ ವಿನ್ಯಾಸ ಆರಂಭಿಸಿದರು. ಕಾಲುಗಳು ಗಟ್ಟಿಯಾದವು, ಇಂಧನ ಹೆಚ್ಚಿತು, 500 ಮೀಟರ್ ಉದ್ದಗಲದ ಇಳಿದಾಣ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿತು. 2023ರ ಆಗಸ್ಟ್ 23ರಂದು ಚಂದ್ರಯಾನ–3 ಇಳಿಯಿತು. ಸೋಲಿನ ದಾಖಲೆ ಕೈಯಲ್ಲಿದ್ದುದರಿಂದಲೇ ಅದು ಸಾಧ್ಯವಾಯಿತು.

ಕ್ಯಾಂಪೇನ್ ಬರೆಯುವವರಿಂದ ಆಟಗಾರ ಕೇಳುವುದು ಇದನ್ನೇ. ಮಿಷನ್‌ಗೆ ಗಡುವಿದ್ದರೆ ಮೊದಲೇ ಹೇಳಿ. ಶತ್ರು ಬರುವುದಾದರೆ, ಹುಡುಕಿದವನಿಗಾದರೂ ಒಂದು ಸುಳಿವು ಇಡಿ. ಗಳಿಸಿದ್ದರಲ್ಲಿ ಒಂದು ಪಾಲನ್ನಾದರೂ ಮುಂದಕ್ಕೆ ಒಯ್ಯಲು ಬಿಡಿ. ಸೋತವನಿಗೆ ಅವನ ಇನ್ನೂರು ಸರದಿಗಳ ಲೆಕ್ಕ ತೋರಿಸಿ, ಎಲ್ಲಿಂದ ಹಿಂದೆ ಬಿದ್ದನೋ ಅಲ್ಲಿಗೇ ಮರಳಲು ದಾರಿ ಕೊಡಿ. ಸೋಲಿಸುವ ಹಕ್ಕು ಆಟಕ್ಕೆ ಇದ್ದೇ ಇದೆ. ಏಕೆ ಸೋತೆನೆಂದು ತಿಳಿಯುವ ಹಕ್ಕು ಆಡಿದವನದು. ಅಷ್ಟೊಂದು ರಾತ್ರಿಗಳನ್ನು ಕೊಟ್ಟವನು ಏನನ್ನಾದರೂ ಕಲಿತು ಏಳುವಂತಿರಬೇಕು.