ಬೀಳುವುದನ್ನು ಕಲಿತು ಗೆದ್ದ ಬಾಲೆ

ಮಕ್ಕಳು ಬೀಳಬಾರದೆಂದು ತಂದೆತಾಯಿಗಳು ಬಯಸುವುದು ಸಹಜ. ನಡೆ ಕಲಿಯುವ ಮಗುವಿನ ಹಿಂದೆ ಕೈಚಾಚಿ ನಡೆಯುವ ತಾಯಿಯನ್ನು ಕಾಣದ ಮನೆಯುಂಟೆ? ಆದರೆ ಬೀಳುವುದನ್ನೇ ಮೊದಲ ಪಾಠವಾಗಿ ಕಲಿಸುವ ವಿದ್ಯೆಯೊಂದು ಲೋಕದಲ್ಲಿದೆ. ಅದುವೇ ಜೂಡೋ. ಎದುರಾಳಿಯನ್ನು ಕೆಡಹುವ ಪಟ್ಟುಗಳನ್ನು ಅರಿಯುವ ಮುನ್ನ, ಪೆಟ್ಟಾಗದಂತೆ ನೆಲಕ್ಕುರುಳುವ ಬಗೆಯನ್ನು ಶಿಷ್ಯನು ಸಾಧಿಸಬೇಕು. ಇದಕ್ಕೆ ಜಪಾನೀ ಭಾಷೆಯಲ್ಲಿ 'ಉಕೆಮಿ' ಎಂದು ಹೆಸರು.

ಈ ವಿದ್ಯೆಯ ಪ್ರವರ್ತಕರು ಜಿಗೊರೊ ಕಾನೊ ಎಂಬ ಶಿಕ್ಷಣತಜ್ಞರು. ಜಪಾನಿನ ಪ್ರಾಚೀನ ಜುಜುತ್ಸು ಮಲ್ಲವಿದ್ಯೆಯನ್ನು ಅವರು ಪರಿಷ್ಕರಿಸಿ, 1882ರಲ್ಲಿ ಟೋಕಿಯೋ ನಗರದ ಐಶೋಜಿ ಎಂಬ ಬೌದ್ಧ ದೇವಾಲಯದ ಆವರಣದಲ್ಲಿ ಕೇವಲ 12 ಚಾಪೆಗಳ ಕೊಠಡಿಯೊಂದರಲ್ಲಿ ತಮ್ಮ ಶಾಲೆಯನ್ನು ಆರಂಭಿಸಿದರು. 'ಜೂ' ಎಂದರೆ ಮೃದುತ್ವ, 'ಡೋ' ಎಂದರೆ ಮಾರ್ಗ. ಬಲಕ್ಕೆ ಬಲವನ್ನೊಡ್ಡದೆ, ಎದುರಾಳಿಯ ರಭಸವನ್ನೇ ಬಳಸಿಕೊಂಡು ಆತನ ಸಮತೋಲ ಕೆಡಿಸುವುದು ಇದರ ಮರ್ಮ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಪುರುಷರ ಜೂಡೋ ಸೇರ್ಪಡೆಯಾಯಿತು. ಮಹಿಳೆಯರಾದರೋ ಪದಕಕ್ಕಾಗಿ ಸೆಣಸಲು 1992ರ ಬಾರ್ಸಿಲೋನಾ ಕ್ರೀಡಾಕೂಟದವರೆಗೆ ಕಾಯಬೇಕಾಯಿತು. ನಮ್ಮ ಊರುಗಳ ಗರಡಿಮನೆಗಳ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟದಿದ್ದ ಕಾಲವನ್ನು ಕಂಡಿರುವ ನಮಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಇಂತಹ ಕ್ರೀಡೆಯಲ್ಲಿ ಭಾರತದ ಹೆಸರನ್ನು ಜಗತ್ತಿಗೆ ಸಾರಿದವಳು ಮಣಿಪುರದ ಮಯಾಂಗ್ ಇಂಫಾಲದ ಬಾಲೆ ಲಿಂತೋಯಿ ಚನಂಬಮ್. ಆಕೆ ಅರಳಿದ್ದು ಮಾತ್ರ ನಮ್ಮ ಕನ್ನಡ ನೆಲದಲ್ಲಿ ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ, ಉಕ್ಕಿನ ಕಾರ್ಖಾನೆಯ ನೆರೆಯಲ್ಲಿರುವ ಇನ್‌ಸ್ಪೈರ್ ಕ್ರೀಡಾಸಂಸ್ಥೆಯಲ್ಲಿ ಜಾರ್ಜಿಯಾ ದೇಶದ ಮಾಮುಕಾ ಕಿಜಿಲಾಶ್ವಿಲಿ ಎಂಬ ಗುರುಗಳಿಂದ ಆಕೆ ತರಬೇತಿ ಪಡೆದಳು. ಮಣಿಪುರಕ್ಕೂ ಬಳ್ಳಾರಿಗೂ ಎರಡು ಸಾವಿರ ಕಿಲೋಮೀಟರಿಗಿಂತಲೂ ಮಿಗಿಲಾದ ಅಂತರ. ಭಾಷೆ ಬೇರೆ, ಊಟ ಬೇರೆ, ಬಿಸಿಲು ಬೇರೆ. ಎಳೆಯ ವಯಸ್ಸಿನ ಮಗಳನ್ನು ಅಷ್ಟು ದೂರ ಕಳುಹಿಸಿ ತಂದೆತಾಯಿಗಳು ಹೇಗೆ ಧೈರ್ಯ ತಾಳಿದರು ಎಂಬುದನ್ನು, ಮಕ್ಕಳನ್ನು ಪರಸ್ಥಳದ ವಿದ್ಯಾರ್ಥಿನಿಲಯಕ್ಕೆ ಬಿಟ್ಟುಬಂದ ಯಾವ ಮನೆಯವರಾದರೂ ಊಹಿಸಬಲ್ಲರು.

ಆ ಧೈರ್ಯ ಫಲಿಸಿತು. 2021ರಲ್ಲಿ ಲೆಬನಾನ್ ದೇಶದ ಬೈರೂತ್‌ನಲ್ಲಿ ನಡೆದ ಏಷ್ಯಾ-ಓಷಿಯಾನಿಯಾ ಕೆಡೆಟ್ ಸ್ಪರ್ಧೆಯಲ್ಲಿ ಕಂಚು, 2022ರ ಜುಲೈ ತಿಂಗಳಿನಲ್ಲಿ ಬ್ಯಾಂಕಾಕ್‌ನ ಏಷ್ಯನ್ ಕೆಡೆಟ್ ಸ್ಪರ್ಧೆಯಲ್ಲಿ ಚಿನ್ನ ಆಕೆಗೆ ದೊರೆತವು. ಮರುತಿಂಗಳೇ ಬೋಸ್ನಿಯಾ ದೇಶದ ಸರಾಯೆವೊ ನಗರದಲ್ಲಿ ವಿಶ್ವ ಕೆಡೆಟ್ ಚಾಂಪಿಯನ್‌ಷಿಪ್. 57 ಕಿಲೋ ವಿಭಾಗದ ಅಂತಿಮ ಸುತ್ತಿನಲ್ಲಿ ಬ್ರೆಜಿಲ್‌ನ ಬಿಯಾಂಕಾ ರೀಸ್ ಅವರನ್ನು 1-0ಯಿಂದ ಮಣಿಸಿ ಲಿಂತೋಯಿ ಚಿನ್ನವನ್ನು ಗಳಿಸಿದಳು. ಯಾವುದೇ ವಯೋಮಾನದ ವಿಶ್ವ ಜೂಡೋ ಚಾಂಪಿಯನ್‌ಷಿಪ್‌ನಲ್ಲಿ ಭಾರತೀಯರೊಬ್ಬರು ಗಳಿಸಿದ ಪ್ರಪ್ರಥಮ ಪದಕವದು.

ಪತ್ರಿಕೆಗಳ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಆದರೆ ನಮ್ಮ ಮನಸ್ಸು ನಿಲ್ಲುವುದು ಅನಂತರದ ವರ್ಷಗಳ ಮೇಲೆ. ಕೆಡೆಟ್ ವಿಭಾಗವು 18 ವರ್ಷದೊಳಗಿನವರದು. ಅಲ್ಲಿ ಗೆದ್ದವರು ಮುಂದೆ 21 ವರ್ಷದೊಳಗಿನ ಜೂನಿಯರ್ ವಿಭಾಗದಲ್ಲಿ ತಮಗಿಂತ ಬಲಿತವರೊಡನೆ ಹೋರಾಡಬೇಕು. ಬೆಳೆಯುವ ದೇಹವು ತೂಕದ ವಿಭಾಗವನ್ನೂ ಬದಲಿಸುತ್ತದೆ. ಲಿಂತೋಯಿ 57 ಕಿಲೋ ವಿಭಾಗದಿಂದ 63 ಕಿಲೋ ವಿಭಾಗಕ್ಕೆ ಏರಿದಳು. ಮತ್ತೊಂದು ವಿಶ್ವಪದಕಕ್ಕೆ ಮೂರು ವರ್ಷಗಳೇ ಹಿಡಿದವು. 2025ರ ಅಕ್ಟೋಬರ್‌ನಲ್ಲಿ ಪೆರು ದೇಶದ ಲಿಮಾದಲ್ಲಿ ನಡೆದ ವಿಶ್ವ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಸ್ಪರ್ಧಾಳುವಿಗೆ ಆಕೆ ಸೋತಳು. ಚಿನ್ನದ ದಾರಿ ಅಲ್ಲಿಗೆ ಮುಚ್ಚಿತು. ಆದರೆ ಎಂಟರ ಸುತ್ತಿನಲ್ಲಿ ಸೋತವರಿಗೆ ಜೂಡೋ ಮತ್ತೊಂದು ಬಾಗಿಲನ್ನು ತೆರೆದಿಟ್ಟಿದೆ. ಅದರ ಮೂಲಕ ಹಾದುಬಂದವರು ಕಂಚಿಗಾಗಿ ಹೋರಾಡಬಹುದು. ಆ ಬಾಗಿಲಿನಿಂದ ಬಂದ ಲಿಂತೋಯಿ ನೆದರ್ಲೆಂಡ್ಸ್‌ನ ಯೋನಿ ಗೀಲನ್ ಅವರನ್ನು ಸೋಲಿಸಿ ಕಂಚನ್ನು ಪಡೆದಳು. ವಿಶ್ವ ಜೂನಿಯರ್ ಜೂಡೋದಲ್ಲಿ ಭಾರತಕ್ಕೆ ಸಂದ ಮೊದಲ ಪದಕವಿದು.

ಚಿನ್ನಕ್ಕಿಂತ ಈ ಕಂಚು ನಮಗೆ ಹಿರಿದಾಗಿ ತೋರುತ್ತದೆ. ಸೋತ ದಿನವೇ ಕಣ್ಣೊರೆಸಿಕೊಂಡು ಮತ್ತೆ ಪಟ್ಟಿ ಬಿಗಿದು ನಿಲ್ಲುವುದು ಸುಲಭವಲ್ಲ. ಉಕೆಮಿಯ ಮೊದಲ ಪಾಠ ಕೇವಲ ಮೈಗೆ ಸಂಬಂಧಿಸಿದ್ದಲ್ಲ, ಮನಸ್ಸಿಗೂ ಸಂಬಂಧಿಸಿದ್ದೆಂಬುದಕ್ಕೆ ಇದೇ ಸಾಕ್ಷಿ.

ನಮ್ಮ ಮನೆಗಳಲ್ಲಿ ಮಕ್ಕಳು ಪ್ರಥಮ ಸ್ಥಾನ ಪಡೆದಾಗ ಪೇಡೆ ಹಂಚುತ್ತೇವೆ. ಅಂಕ ಕಡಿಮೆಯಾದಾಗ ಮೌನದಿಂದಲೇ ಅವರನ್ನು ದಂಡಿಸುತ್ತೇವೆ. ಮಗಳು ಆಟದ ಬಯಲಿಗೆ ಹೊರಟರೆ ಮೊಣಕಾಲು ತರಚೀತು, ನಾಳೆ ನೋಡುವವರು ಏನೆಂದಾರು ಎಂದು ತಡೆಯುತ್ತೇವೆ. ತರಚಿದ ಮೊಣಕಾಲು ವಾರದಲ್ಲಿ ಮಾಯುತ್ತದೆ; ಬಿದ್ದರೆ ಏಳಲಾರೆನೆಂಬ ಅಂಜಿಕೆ ಮಾತ್ರ ಜೀವಮಾನವಿಡೀ ಮಾಯದು. ಮಕ್ಕಳೆಲ್ಲರೂ ಪದಕ ತರಬೇಕಾಗಿಲ್ಲ. ಬಿದ್ದುಬಂದ ದಿನ ಹಿರಿಯರು ಬಾಗಿಲಲ್ಲಿ ನಿಂತು, 'ಕೈಕಾಲು ತೊಳೆದುಕೋ, ಊಟ ಮಾಡು, ನಾಳೆ ಮತ್ತೆ ಹೋಗುವೆಯಂತೆ' ಎಂದರೆ ಸಾಕು. ಆ ಮಾತನ್ನು ಕೇಳಿ ಬೆಳೆದ ಮಕ್ಕಳು ಎಲ್ಲಿದ್ದರೂ ಎದ್ದು ನಿಲ್ಲುವರೆಂಬುದು ನಮ್ಮ ನಂಬುಗೆ.