ಕಲ್ಲಿನ ಮನೆ, ಗಿಟಾರು ಮತ್ತು ಕೌದಿ

ಇಳಕಲ್ಲಿನ ಓದುಗರೊಬ್ಬರ ಪ್ರಶ್ನೆ: ‘ಅಕೌಸ್ಟಿಕ್ ಗಿಟಾರಿನ ಪಿಕಪ್ಪನ್ನು ಆಂಪ್ಲಿಫೈಯರಿಗೆ ಜೋಡಿಸಿ, ಅದರ ಮುಂದೆ ಮೈಕ್ ಇಟ್ಟು ಮನೆಯಲ್ಲೇ ರೆಕಾರ್ಡ್ ಮಾಡುತ್ತೇನೆ. ತಂತಿಯ ಮಿಂಚೆಲ್ಲ ಮಾಯವಾಗಿ ನಾದ ಕಲಸಿಹೋಗುತ್ತದೆ. ಇನ್ನೂ ದೊಡ್ಡ ಆಂಪ್ ಕೊಳ್ಳಲೇ?’

ಬೇಡ. ಆ ಹಣ ಉಳಿಯಲಿ.

ಇಂಥ ಗಿಟಾರುಗಳ ತಂತಿಗಳ ಬುಡದಲ್ಲಿ ಸಾಮಾನ್ಯವಾಗಿ ಪೀಜೋ ಪಿಕಪ್ ಕೂತಿರುತ್ತದೆ. ಹರಳನ್ನು ಒತ್ತಿದರೆ ವಿದ್ಯುದಂಶ ಹುಟ್ಟುತ್ತದೆಂದು 1880ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಯೂರಿ ಸಹೋದರರಾದ ಜಾಕ್ ಮತ್ತು ಪಿಯರ್ ತೋರಿಸಿದ್ದರು. ಅದೇ ತತ್ತ್ವ ಇದು. ಪೀಜೋ ಕೊಡುವ ವಿದ್ಯುತ್ತು ತೀರಾ ಕಡಿಮೆ. ಅದನ್ನು 10 ಕಿಲೋಓಮ್‌ನ ಲೈನ್ ಇನ್‌ಪುಟ್ಟಿಗೆ ನೇರವಾಗಿ ಚುಚ್ಚುವುದೆಂದರೆ ಸಣ್ಣ ಒರತೆಯ ಬಾವಿಗೆ ದೊಡ್ಡ ಪಂಪು ಹಚ್ಚಿದ ಹಾಗೆ. ಪಿಕಪ್ಪಿನ ಧಾರಕತೆ 1 ನ್ಯಾನೋಫ್ಯಾರಡ್ ಇದ್ದರೆ, ಸುಮಾರು 16,000 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೊರಗುತ್ತದೆ. ಗಿಟಾರ್ ಆಂಪಿನ ಇನ್‌ಪುಟ್ ಸಾಮಾನ್ಯವಾಗಿ 1 ಮೆಗಾಓಮ್; ಅಲ್ಲಿ ಆ ಗಡಿ 160 ಹರ್ಟ್ಸ್‌ಗೆ ಇಳಿಯುತ್ತದೆ. ಗಿಟಾರಿನ ಅತಿ ದಪ್ಪ ತಂತಿಯದು 82 ಹರ್ಟ್ಸ್. ಒಳಗೆ ಬ್ಯಾಟರಿಯ ಪ್ರೀಆಂಪ್ ಇರುವ ಗಿಟಾರಿಗೆ ಈ ತೊಂದರೆಯಿಲ್ಲ.

ಇಷ್ಟರಮಟ್ಟಿಗೆ ಆಂಪು ಉಪಕಾರಿ. ಆದರೆ ಎಲೆಕ್ಟ್ರಿಕ್ ಗಿಟಾರಿಗೆಂದು ಮಾಡಿದ ಆಂಪಿನ 12 ಇಂಚಿನ ಸ್ಪೀಕರು 5,000 ಹರ್ಟ್ಸ್ ದಾಟಿದರೆ ಬೇಗನೆ ಸೋಲುತ್ತದೆ. ತಂತಿಯ ಮಿಂಚು ಇರುವುದೇ ಅದರ ಮೇಲೆ. ಜೊತೆಗೆ, ಅಕೌಸ್ಟಿಕ್ ಗಿಟಾರಿನ ನಿಜವಾದ ಸ್ಪೀಕರು ಅದರ ಮರದ ಮೇಲ್ಹಲಗೆ. ಹಾಗಾಗಿ ಆಂಪಿನ ಮುಂದಿರುವ ಮೈಕನ್ನು ಎತ್ತಿ ಗಿಟಾರಿನ ಮುಂದಿಡಿ: 12ನೇ ಫ್ರೆಟ್ಟಿನ ಎದುರು, ಒಂದು ಗೇಣು ದೂರದಲ್ಲಿ, ನಾದರಂಧ್ರಕ್ಕೆ ನೇರವಾಗಿ ಅಲ್ಲ.

ಆಗ ಕೋಣೆಯ ಸದ್ದು ಎದ್ದು ಕೇಳತೊಡಗುತ್ತದೆ. ಹುನಗುಂದ, ಇಳಕಲ್ ಕಡೆ ನೆಲಕ್ಕೆ ನುಣುಪಾದ ಗ್ರಾನೈಟು. ಬಾದಾಮಿ ಕಡೆ ಕಲ್ಲಿನ ಗೋಡೆ, ಮೇಲೆ ಹಾಸುಗಲ್ಲು. ಇವು ದನಿಯನ್ನು ನುಂಗುವುದಿಲ್ಲ, ತಿರುಗಿ ಎಸೆಯುತ್ತವೆ.

ಈ ರೋಗಕ್ಕೆ ಲೆಕ್ಕ ಕೊಟ್ಟವರು ವಾಲೇಸ್ ಸಬೈನ್. 1895ರಲ್ಲಿ ಹಾರ್ವರ್ಡಿನ ಫಾಗ್ ಮ್ಯೂಸಿಯಮ್ಮಿನ ಹೊಸ ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಅನುರಣಿಸುತ್ತಿತ್ತು. ಹೊಸ ಮಾತು ಹಳೆಯದರ ಮೇಲೆ ಬಿದ್ದು ಏನೂ ತಿಳಿಯುತ್ತಿರಲಿಲ್ಲ. ಸರಿಪಡಿಸುವ ಕೆಲಸ 27ರ ಪ್ರಾಯದ ಈ ಭೌತವಿಜ್ಞಾನ ಅಧ್ಯಾಪಕರ ಪಾಲಿಗೆ ಬಂತು. ಅವರು ರಾತ್ರಿ ಪಕ್ಕದ ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತರುವರು. 512 ಹರ್ಟ್ಸ್‌ನ ಆರ್ಗನ್ ಕೊಳವೆ ಊದಿಸಿ, ನಿಲ್ಲಿಸಿ, ದನಿ ಅಡಗುವ ಹೊತ್ತನ್ನು ಅಳೆಯುವರು. ಇನ್ನಷ್ಟು ಮೆತ್ತೆ ಹಾಸಿ ಮತ್ತೆ ಅಳೆಯುವರು. ಬೆಳಗಾಗುವುದರೊಳಗೆ ಮೆತ್ತೆಗಳೆಲ್ಲ ಸ್ವಸ್ಥಾನಕ್ಕೆ! ಹೀಗೆ ಹುಟ್ಟಿದ ಸೂತ್ರವನ್ನೇ ನಂಬಿ ಬೋಸ್ಟನ್ನಿನ ಸಿಂಫನಿ ಹಾಲ್ ಕಟ್ಟಿದರು; 1900ರಲ್ಲಿ ತೆರೆದ ಆ ಸಭಾಂಗಣವನ್ನು ಸಂಗೀತಗಾರರು ಇವತ್ತಿಗೂ ಕೊಂಡಾಡುತ್ತಾರೆ.

ಸೂತ್ರ ಸರಳ: ಕೋಣೆಯ ಘನಗಾತ್ರವನ್ನು 0.16ರಿಂದ ಗುಣಿಸಿ, ಒಟ್ಟು ಹೀರುವ ಶಕ್ತಿಯಿಂದ ಭಾಗಿಸಿದರೆ ಅನುರಣನದ ಸೆಕೆಂಡು ಸಿಗುತ್ತದೆ. 4 ಮೀಟರ್ ಉದ್ದ, 3.5 ಅಗಲ, 3 ಎತ್ತರದ ಖಾಲಿ ಕಲ್ಲುಕೋಣೆ ತೆಗೆದುಕೊಳ್ಳಿ. ಘನಗಾತ್ರ 42, ಒಳಮೈ 73 ಚದರ ಮೀಟರ್. ಕಲ್ಲು ತನ್ನ ಮೇಲೆ ಬಿದ್ದ ದನಿಯಲ್ಲಿ ನೂರಕ್ಕೆ ಎರಡು ಪಾಲನ್ನಷ್ಟೇ ಹೀರುತ್ತದೆಂದರೆ ಅನುರಣನ ನಾಲ್ಕೂವರೆ ಸೆಕೆಂಡು! ಬಾಗಿಲು, ಹಾಸಿಗೆ, ಮನುಷ್ಯರು ಸೇರಿದರೆ ಇಳಿಯುತ್ತದೆ, ನಿಜ. ಆದರೂ ಗಿಟಾರಿಗೆ ಅದು ಜಾಸ್ತಿಯೇ. ಅರ್ಧದಷ್ಟು ದನಿ ಹೀರುವ ದಪ್ಪ ಬಟ್ಟೆಯನ್ನು 10 ಚದರ ಮೀಟರಿನಷ್ಟು ತೂಗುಹಾಕಿ. ಅನುರಣನ ಒಂದು ಸೆಕೆಂಡಿನ ಆಸುಪಾಸಿಗೆ ಬರುತ್ತದೆ.

ಅಂಥ ಬಟ್ಟೆ ನಮ್ಮ ಮನೆಗಳಲ್ಲೇ ಇದೆ: ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಅಜ್ಜಿಯರು ಹೊಲಿದ ಕೌದಿ. ಎಳೆಗಳ ಸಂದಿಯಲ್ಲಿ ಗಾಳಿ ಅಲ್ಲಾಡುವಾಗ ತಿಕ್ಕಾಟದಿಂದ ದನಿ ಶಾಖವಾಗಿ ಕರಗುತ್ತದೆ. ಕೌದಿಯನ್ನು ಗೋಡೆಗೆ ಅಂಟಿಸಬೇಡಿ, 10 ಸೆಂಟಿಮೀಟರ್ ಬಿಟ್ಟು ಹಗ್ಗಕ್ಕೆ ಹಾಕಿ. ಗೋಡೆಗೆ ಹತ್ತಿದಲ್ಲಿ ಗಾಳಿಗೆ ಅಲ್ಲಾಡಲು ಜಾಗವಿಲ್ಲ. ಈ ಅಂತರದಲ್ಲಿ 850 ಹರ್ಟ್ಸ್ ಸುತ್ತಿನ ದನಿಗೆ ಅಲ್ಲಾಟ ಗರಿಷ್ಠ. ಮಂದ್ರದ ಗುಂಯ್‌ಗುಡುವಿಕೆಗೆ ಮಾತ್ರ ಕೌದಿ ಸಾಲದು; ಮೂಲೆ ಬಿಟ್ಟು ಕೂತರೆ ಅದೂ ತಗ್ಗೀತು.

‘ಸೌಂಡ್‌ಪ್ರೂಫ್’ ಎಂದು ಮಾರುವ ತೆಳು ಸ್ಪಂಜಿನ ಹಾಳೆಗಳಿಗೆ ಮಾರುಹೋಗಬೇಡಿ. ಅವು ಒಳಗಿನ ಮಾರ್ದನಿಯನ್ನು ಒಂದಿಷ್ಟು ತಗ್ಗಿಸಿಯಾವು, ಪಕ್ಕದ ಮನೆಯ ಮಗ್ಗದ ಸದ್ದನ್ನು ತಡೆಯಲಾರವು. ಹೊರಗಿನ ಸದ್ದು ತಡೆಯಲು ಬೇಕಾದ್ದು ತೂಕ. ಆ ಕೆಲಸಕ್ಕೆ ನಿಮ್ಮ ದಪ್ಪ ಕಲ್ಲುಗೋಡೆಯನ್ನು ಮೀರಿಸುವ ಸ್ಟುಡಿಯೋ ಗೋಡೆಗಳು ಕಡಿಮೆ. ಬಾಗಿಲು, ಕಿಟಕಿಗಳ ಸಂದು ಮುಚ್ಚಿ, ಕೌದಿ ತೂಗುಹಾಕಿ, ಉಳಿದ ದುಡ್ಡಿನಲ್ಲಿ ಹೊಸ ತಂತಿ ಕೊಳ್ಳಿ.